ದೊಡ್ಡ ಮನೆ ಬಿಟ್ಟು ಬಂದವಳ ಕಾಗದ

ನಮ್ಮ ಹಳೆಯ ಅಡ್ಡರಸ್ತೆಯ ಎಲ್ಲರಿಗೂ, ಹಾಗೆಯೇ ಬೆಂಗಳೂರಿನ ಅಂಥದೇ ಅಡ್ಡರಸ್ತೆಗಳಲ್ಲಿ ಮೂವತ್ತು ನಲವತ್ತರ ಸೈಟಿನ ಮೇಲೆ ಮನೆ ಕಟ್ಟಿಕೊಂಡು, ಮಕ್ಕಳನ್ನು ಓದಿಸಿ ಕಳಿಸಿ, ಈಗ ಗಂಡ ಹೆಂಡತಿ ಇಬ್ಬರೇ ಉಳಿದಿರುವ ನನ್ನ ಓರಗೆಯವರಿಗೆ,



ನಾವು ಮನೆ ಮಾರಿ ಮೈಸೂರಿಗೆ ಬಂದು ಎರಡು ವರ್ಷ ದಾಟಿತು. ಲಾರಿ ಹೊರಟ ಬೆಳಿಗ್ಗೆ ನೀವೆಲ್ಲ ಗೇಟಿನ ಹತ್ತಿರ ನಿಂತಿದ್ದಿರಿ. ಮೂಲೆಮನೆ ಅಜ್ಜಿ ನನ್ನ ಕೈ ಹಿಡಿದುಕೊಂಡು, ಬೇರೆ ಯಾರಿಗೂ ಕೇಳಿಸದ ಹಾಗೆ, “ಏನಾದ್ರೂ ತೊಂದರೆ ಆಯ್ತೇನಮ್ಮಾ?” ಅಂದರು. ಸಾಲ ಮಾಡಿಕೊಂಡಿದ್ದಾರಂತೆ, ಮಗನ ಕೆಲಸ ಹೋಯಿತಂತೆ ಅನ್ನುವ ಮಾತುಗಳು ಆ ಹೊತ್ತಿಗಾಗಲೇ ನನ್ನ ಕಿವಿಗೂ ಬಿದ್ದಿದ್ದವು. ಅದಕ್ಕೆ ಬೇಜಾರಿಲ್ಲ. ಮನೆ ಕಟ್ಟುವವರನ್ನು ಯಾಕೆ ಅಂತ ಯಾರೂ ಕೇಳುವುದಿಲ್ಲ, ಮಾರುವವರನ್ನು ಎಲ್ಲರೂ ಕೇಳುತ್ತಾರೆ. ಅಜ್ಜಿಗೆ ಅವತ್ತು “ಏನೂ ಇಲ್ಲ ಅಜ್ಜಿ” ಅಂದೆ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ನನಗೆ ಅಳು ಬರುತ್ತಿತ್ತು. ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತಿದ್ದೇನೆ.

1992ರಲ್ಲಿ ಸೈಟು ಕೊಂಡೆವು, 1996ರಲ್ಲಿ ಗೃಹಪ್ರವೇಶ. ಶೇಕಡ 15ರ ಬಡ್ಡಿಯ ಸಾಲ, ನನ್ನ ಎರಡೆಳೆ ಸರ, ಅತ್ತೆಯವರ ಬಳೆ. ನಿಮ್ಮ ಮನೆಗಳ ತಳಪಾಯದಲ್ಲೂ ಇವೇ ಇವೆ, ಹೆಚ್ಚು ಹೇಳಬೇಕಿಲ್ಲ. ಆಗ ಮನೆ ತುಂಬ ಏಳು ಜನ: ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು, ಎಂಜಿನಿಯರಿಂಗ್ ಓದಲು ಬಂದಿದ್ದ ಮೈದುನ. ಬೆಳಿಗ್ಗೆ ಬಚ್ಚಲಿಗೆ ಸರದಿ ನಿಲ್ಲಬೇಕಾಗಿತ್ತು. 2004ರಲ್ಲಿ ಮಹಡಿ ಎಬ್ಬಿಸಿದೆವು. ಏಳು ಜನಕ್ಕೆ ಆ ಮನೆ ದೊಡ್ಡದಾಗಿರಲಿಲ್ಲ. ಅದನ್ನು ಕಟ್ಟಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಮೈದುನ ಮದುವೆಯಾಗಿ ಬೇರೆ ಮನೆ ಮಾಡಿದ. ಮಾವ ಹೋದರು, 2017ರಲ್ಲಿ ಅತ್ತೆಯೂ. ಮಗ ಪುಣೆ ಸೇರಿದ, ಮಗಳು ಜರ್ಮನಿಗೆ ಹೋದಳು. ಎರಡು ಸಾವಿರದ ನೂರು ಚದರಡಿಯಲ್ಲಿ ನಾವಿಬ್ಬರು. ಹನ್ನೊಂದು ಬಾಗಿಲು, ಹತ್ತೊಂಬತ್ತು ಕಿಟಕಿ, ಮೂರು ಬಚ್ಚಲು. ಮಹಡಿಗೆ ವಾರಕ್ಕೊಮ್ಮೆ ಹತ್ತುತ್ತಿದ್ದದ್ದು ಧೂಳು ಹೊಡೆಯುವುದಕ್ಕೆ. ಯಾರೂ ಓಡಾಡದ ನೆಲ ಅಷ್ಟು ಹೇಗೆ ಕೊಳೆಯಾಗುತ್ತದೋ, ಪ್ರತಿವಾರ ಬಕೆಟ್ ನೀರು ಕಪ್ಪಗಾಗುತ್ತಿತ್ತು. ಆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ನಿಮಗೆ ಗೊತ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಕೊಳವೆಯಲ್ಲಿ ಹರಿದು, ಮೂರು ಹಂತದಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಬರುವ ಕಾವೇರಿ ಅದು. ಯಾರೂ ಮಲಗದ ಕೋಣೆಯನ್ನು ಅದರಿಂದ ಒರೆಸುವಾಗ ನನಗೆ ಒಳಗೇ ಸಂಕಟವಾಗುತ್ತಿತ್ತು.

“ಮಕ್ಕಳು ಬಂದಾಗ ಬೇಕಲ್ಲ” ಅಂತ ನೀವೂ ಹೇಳುತ್ತೀರಿ, ನಾನೂ ಹೇಳುತ್ತಿದ್ದೆ. ಕರಡು ತಿದ್ದುವ ಕೆಲಸ ನನ್ನದು, ಎಣಿಸುವ ಚಾಳಿ ಬಿಡದು. 2022ರ ಕ್ಯಾಲೆಂಡರಿನಲ್ಲಿ ಮಕ್ಕಳು ನಮ್ಮ ಮನೆಯಲ್ಲಿ ಮಲಗಿದ ರಾತ್ರಿಗಳಿಗೆ ಗುರುತು ಹಾಕಿದೆ. ಇಬ್ಬರದೂ ಸೇರಿ ಹತ್ತೊಂಬತ್ತು. ಆ ಹತ್ತೊಂಬತ್ತು ರಾತ್ರಿಗಳಿಗಾಗಿ ನಾವು ಮುನ್ನೂರ ಅರವತ್ತೈದು ದಿನ ಒಂದು ಮಹಡಿಯನ್ನು ಕಾಯುತ್ತಿದ್ದೆವು. ಬಂದಾಗಲೂ ಅವರು ಮಹಡಿಗೆ ಹೋಗುತ್ತಿರಲಿಲ್ಲ, ಕೆಳಗೆ ಹಾಲಿನಲ್ಲಿ ನಮ್ಮ ಹತ್ತಿರವೇ ಹಾಸಿಗೆ ಹಾಸಿಕೊಂಡು ಮಾತಾಡುತ್ತ ಮಲಗಿಬಿಡುತ್ತಿದ್ದರು.

ಆದರೆ ಮನೆ ಮಾರಬೇಕು ಅನ್ನಿಸಿದ್ದು ಈ ಲೆಕ್ಕದಿಂದಲ್ಲ, ನಮ್ಮಪ್ಪನ ಮನೆಯಿಂದ.

ತಿಪಟೂರಿನ ಹತ್ತಿರ ನಮ್ಮೂರು. ಅಪ್ಪ 2022ರ ಜನವರಿಯಲ್ಲಿ ಹೋದರು, ಅಮ್ಮ ಅದಕ್ಕೆ ಆರು ವರ್ಷ ಮುಂಚೆ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಣ್ಣ, ತಮ್ಮ, ನಾನು ಮೂವರೂ ಕೂತು ಮನೆ ಖಾಲಿ ಮಾಡಲು ಸಿಕ್ಕಿದ್ದು ಒಂಬತ್ತು ದಿನ. ತಮ್ಮನಿಗೆ ರಜೆ ಇರಲಿಲ್ಲ, ಅಣ್ಣನಿಗೆ ಬೆನ್ನುನೋವು. ಎಪ್ಪತ್ತು ವರ್ಷ ಒಂದು ಸಂಸಾರ ಕೂಡಿಟ್ಟದ್ದನ್ನು ಒಂಬತ್ತು ದಿನದಲ್ಲಿ ಯಾರಿಂದ ಸರಿಯಾಗಿ ನೋಡಲಾದೀತು? ನಾಲ್ಕನೆಯ ದಿನದಿಂದ ನೋಡುವುದನ್ನೇ ಬಿಟ್ಟೆವು. ಗುಜರಿಯವನ ಟೆಂಪೊ ಅಂಗಳಕ್ಕೇ ಬಂದು ನಿಂತಿತು. ಅಟ್ಟದ ಮೇಲಿಂದ ಇಳಿದದ್ದು ಇಳಿದ ಹಾಗೇ ತಕ್ಕಡಿಗೆ.

ಐದನೆಯ ದಿನ ಅಪ್ಪನ ಮೇಜಿನ ಖಾನೆಯಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಇಪ್ಪತ್ತಮೂರು ಬೀಗದಕೈ. ಒಂದೊಂದಕ್ಕೂ ಹುರಿಯಲ್ಲಿ ಕಟ್ಟಿದ ರಟ್ಟಿನ ಚೂರು, ರಟ್ಟಿನ ಮೇಲೆ ಅಪ್ಪನ ದುಂಡಕ್ಷರ. ‘ನಡುಮನೆ ಪೆಟ್ಟಿಗೆ.’ ‘ಅಟ್ಟದ ಹಸಿರು ಟ್ರಂಕು.’ ‘ಪಂಪ್‌ಸೆಟ್ ಮನೆ, ಹಳೆಯದು.’ ಅವುಗಳ ಮಧ್ಯೆ ಒಂದು ಪುಟ್ಟ ಹಿತ್ತಾಳೆ ಕೀಲಿ, ನನ್ನ ಕಿರುಬೆರಳಿನಷ್ಟು. ಅದರ ರಟ್ಟಿನ ಮೇಲೆ ಇದ್ದದ್ದು ಒಂದೇ ಮಾತು: ‘ಇವಳದು.’

ಅಮ್ಮನದು. ಯಾವ ಪೆಟ್ಟಿಗೆ, ಯಾವ ಡಬ್ಬಿ, ನಮಗೆ ಮೂವರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಬೀಗಗಳಿಗೆಲ್ಲ ಹಾಕಿ ನೋಡಿದೆ. ಯಾವುದಕ್ಕೂ ಕೂಡಲಿಲ್ಲ. ಸಂಜೆ ಹೊತ್ತಿಗೆ ನೆನಪಾಯಿತು. ಹಿಂದಿನ ದಿನ ಕೀಲಿ ಇಲ್ಲ ಅಂತ ಹಾರೆಯಿಂದ ಮೀಟಿ ಮುಚ್ಚಳ ಕಿತ್ತ ಒಂದು ಚಿಕ್ಕ ಪೆಟ್ಟಿಗೆ ಇತ್ತು. ಒಳಗೆ ಹಳೆಯ ಬಟ್ಟೆ, ಕಾಗದ. ಮೇಲಿನ ಎರಡು ಮಡಿಕೆ ತೆಗೆದು ನೋಡಿ, ಗೆದ್ದಲು ಹಿಡಿದಿದೆ ಅಂತ ಹಾಗೇ ಟೆಂಪೊಗೆ ಎಸೆದಿದ್ದೆವು. ಎಸೆದವಳು ನಾನೇ.

ಅದೇ ರಾತ್ರಿ ತಾಮ್ರದ ಹಂಡೆಯ ವಿಷಯಕ್ಕೆ ಅಣ್ಣನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಹಂಡೆ ನನಗೂ ಬೇಕಿರಲಿಲ್ಲ, ಅವನಿಗೂ ಬೇಕಿರಲಿಲ್ಲ. ದಣಿದಿದ್ದೆವು. ಆಮೇಲೆ ಏಳು ತಿಂಗಳು ಮಾತಾಡಲಿಲ್ಲ. ಆ ಕೀಲಿ ಈಗಲೂ ನನ್ನ ಹತ್ತಿರ ಇದೆ.

ಬೆಂಗಳೂರಿಗೆ ವಾಪಸ್ಸು ಬಂದು ನಮ್ಮ ಮಹಡಿಯ ಬಾಗಿಲು ತೆಗೆದು ನಿಂತಾಗ ನನ್ನ ಮಗ, ನನ್ನ ಮಗಳು ಇಲ್ಲಿ ಹಾಗೇ ನಿಂತಿರುವುದು ಕಣ್ಣಿಗೆ ಕಟ್ಟಿತು. ಒಬ್ಬಳು ಜರ್ಮನಿಯಿಂದ ಎರಡು ವಾರದ ರಜೆ ಹಾಕಿ ಬಂದಿದ್ದಾಳೆ. ಸಜ್ಜಾದ ಮೇಲಿನ ಟ್ರಂಕಿನಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿಲ್ಲ. ಗೇಟಿನಲ್ಲಿ ಟೆಂಪೊ. ನಾನು ಹೇಳಬೇಕೆಂದಿರುವುದು ಇಷ್ಟೇ: ನಿಮ್ಮ ಮನೆ, ನನ್ನ ಮನೆ, ಎಲ್ಲ ಮನೆಗಳೂ ಒಂದು ದಿನ ಖಾಲಿಯಾಗುತ್ತವೆ. ಆ ಕೆಲಸವನ್ನು, ಯಾವ ಡಬ್ಬಿಯಲ್ಲಿ ಏನಿದೆ ಅನ್ನುವುದು ತಲೆಯಲ್ಲಿರುವಾಗ, ಏಣಿ ಹತ್ತಿ ಇಳಿಸುವ ಶಕ್ತಿ ಕಾಲಲ್ಲಿರುವಾಗ ನಾವೇ ಮಾಡೋಣ. ಎಪ್ಪತ್ತೈದಕ್ಕೆ ಕಾಯುವುದು ಬೇಡ. ನನಗಾಗ ಐವತ್ತೆರಡು, ನಮ್ಮವರಿಗೆ ಐವತ್ತಾರು.

ನಮ್ಮವರು ಒಪ್ಪಲಿಲ್ಲ. ಮೂರು ತಿಂಗಳು ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಅವರನ್ನು ನಾನು ತಪ್ಪು ತಿಳಿಯಲಿಲ್ಲ. ಪ್ರತಿ ಸಿಮೆಂಟ್ ಮೂಟೆಯ ಲೆಕ್ಕ ಬರೆದಿಟ್ಟವರು, ಕ್ಯೂರಿಂಗಿಗೆ ನೀರು ಹಾಕಲು ಬೆಳಗಿನ ಜಾವ ನಾಲ್ಕಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದವರು ಅವರು. ಗೋಡೆಯ ಮೇಲೆ ಮಾವನವರ ಹೆಸರಿನ ಕಲ್ಲು. ಅವರ ಮನಸ್ಸು ತಿರುಗಿಸಿದ್ದು ನನ್ನ ವಾದವಲ್ಲ. ಒಂದು ಆಗಸ್ಟಿನಲ್ಲಿ ತಾರಸಿ ಸೋರಿ, ಜಲ್ಲಿ ಸುರ್ಕಿ ಎಬ್ಬಿಸಿ ಹೊಸದಾಗಿ ಹಾಕಬೇಕು ಅಂತ ಮೇಸ್ತ್ರಿ ಹೇಳಿದ. ಅದಕ್ಕೆ ಬೇಕಾದ ದುಡ್ಡಿಗಾಗಿ ಅವರು ಇನ್ನೂ ಎರಡು ವರ್ಷ ತಮ್ಮ ಕಾರ್ಖಾನೆಯ ಪಾಳಿ ಕೆಲಸ ಮಾಡಬೇಕಾಗಿತ್ತು. ಅವತ್ತು ರಾತ್ರಿ ಊಟದ ತಟ್ಟೆ ಮುಂದೆ ಕೂತು, “ನಾನು ಈ ಮನೆಗೆ ದುಡೀತಿದೀನಿ, ಮನೇಲಿ ಇರೋದು ಯಾವಾಗ?” ಅಂದರು. ನನಗೆ ಅಂದರಲ್ಲ, ತಮ್ಮಷ್ಟಕ್ಕೆ ತಾವೇ.

ಖಾಲಿ ಮಾಡಲು ಹದಿನಾಲ್ಕು ತಿಂಗಳು ಹಿಡಿಯಿತು. ವಾರಕ್ಕೊಂದು ಖಾನೆ, ಒಂದು ಸಜ್ಜಾ, ಅಷ್ಟೆ. ಈ ನಿಧಾನವೇ ಮುಖ್ಯ ಅಂತ ಈಗ ಅನ್ನಿಸುತ್ತದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಯಾರು ಕೊಟ್ಟದ್ದು, ಯಾವಾಗಿನದು ಅಂತ ಇಬ್ಬರೂ ಮಾತಾಡಿಕೊಳ್ಳುವುದಕ್ಕೆ ಪುರುಸೊತ್ತು ಸಿಕ್ಕಿತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ನಮ್ಮವರ ಬಾಲ್ಯದ ಎಷ್ಟೋ ಸಂಗತಿ ನನಗೆ ಗೊತ್ತಾದದ್ದು ಆ ಭಾನುವಾರಗಳಲ್ಲೇ.

ಬೀರುವಿನ ಕೆಳಗಿನ ಅರೆಯಲ್ಲಿ ರವಿಕೆ ಕಣಗಳು. ಅರಿಸಿನ ಕುಂಕುಮಕ್ಕೆ ಕರೆದಾಗ ಕೊಟ್ಟವು, ನಿಮ್ಮ ಮನೆಗಳಿಂದಲೇ ಬಂದವು ಬಹಳ. ಎಣಿಸಿದೆ, ನೂರ ಅರವತ್ತನಾಲ್ಕು. ಅರ್ಧಕ್ಕರ್ಧ ಪಾಲಿಯೆಸ್ಟರ್, ಹೊಲಿಸಿ ಹಾಕಿಕೊಳ್ಳಲಾಗದಂಥವು. ಒಂದು ಮನೆಯಿಂದ ಇನ್ನೊಂದು ಮನೆಗೆ ತಾಂಬೂಲದ ಜೊತೆ ಸುತ್ತುವುದಕ್ಕಾಗಿಯೇ ನೇಯ್ದ ಬಟ್ಟೆ ಅದು. ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಗದಗದ ಕಡೆಯವರು. ಅವರು ಅವನ್ನು ನೋಡಿ, “ಅಕ್ಕಾರ, ಹತ್ತೀವು ಅಷ್ಟು ಆರಿಸಿ ಕೊಡ್ರಿ, ಕೌದಿ ಹೊಲೀತೀನಿ” ಅಂದರು. ಹತ್ತಿಯವು ಐವತ್ತೆರಡು ಇದ್ದವು. ಕೆಳಗೆ ಅತ್ತೆಯವರ ಎರಡು ಹಳೆಯ ಮಗ್ಗದ ಸೀರೆ, ಮೇಲೆ ಕಣದ ಚೌಕಗಳು, ಒಂದು ಅಂಚಿನಿಂದ ಸಾಲು ಸಾಲಾಗಿ ಸಣ್ಣ ಕೈಹೊಲಿಗೆ. ಮಧ್ಯಾಹ್ನ ಹಾಲಿನಲ್ಲಿ ಚಾಪೆ ಹಾಸಿ, ಕಾಲು ಚಾಚಿ ಕೂತು ಎರಡು ತಿಂಗಳಲ್ಲಿ ಎರಡು ಕೌದಿ ಹೊಲಿದರು. ಕೂಲಿ ಕೊಟ್ಟೆ. ಒಂದು ಕೌದಿ ಅವರೇ ಇಟ್ಟುಕೊಂಡರು, ಇನ್ನೊಂದು ಈಗ ನಮ್ಮ ಮಂಚದ ಮೇಲಿದೆ. ಅದರ ಎಡಮೂಲೆಯ ಗಿಣಿಹಸಿರು ಚೌಕ ಮೇಷ್ಟ್ರ ಮನೆಯ ಸತ್ಯನಾರಾಯಣ ಪೂಜೆಯದು, ಅದರ ಪಕ್ಕದ ಚುಕ್ಕಿ ಚುಕ್ಕಿಯದು ಮೂಲೆಮನೆ ಅಜ್ಜಿ ಕೊಟ್ಟದ್ದು.

ಗೋಡೆ ಗಡಿಯಾರ ಹದಿಮೂರು, ಗೃಹಪ್ರವೇಶದ ಉಡುಗೊರೆ. ಸ್ಟೀಲ್ ಡಬ್ಬಿ, ಫ್ಲಾಸ್ಕು, ಊಟದ ಸೆಟ್ಟುಗಳ ವಿಷಯ ಬಿಡಿ, ಅವೆಲ್ಲ ಬೇಗ ಹೋದವು.

ಪುಸ್ತಕ ಹೋಗಲಿಲ್ಲ. ಕಷ್ಟವಾದದ್ದು ಅಲ್ಲೇ. ನನ್ನ ಕೆಲಸಕ್ಕೆ ಬೇಕು ಅಂತ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟ ಇಟ್ಟುಕೊಂಡೆ, ಮತ್ತೆ ಮತ್ತೆ ಓದುವ ನೂರಿಪ್ಪತ್ತು ಪುಸ್ತಕ ಇಟ್ಟುಕೊಂಡೆ. ಉಳಿದದ್ದು ಸಾವಿರದ ಮೇಲೆ. ನಮ್ಮವರ ಊರು ಹಾಸನ ಜಿಲ್ಲೆಯಲ್ಲಿದೆ. ಅಲ್ಲಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. ಕೊಡುತ್ತೇವೆ ಅಂತ ಫೋನ್ ಮಾಡಿದರೆ, ಅಲ್ಲಿನ ಮೇಲ್ವಿಚಾರಕಿ ಬಹಳ ವಿನಯವಾಗಿ, “ಮೇಡಂ, ಹರಿದ ಗೈಡು, ಹಳೇ ಕಂಪ್ಯೂಟರ್ ಪುಸ್ತಕ ಬೇಡ, ಮಕ್ಕಳು ಕೈಗೆ ತಗೊಂಡರೆ ಕೆಳಗಿಡಬಾರದು ಅಂಥದ್ದು ಕೊಡಿ” ಅಂದರು. ಆ ಮಾತು ನನಗೆ ಪಾಠವಾಯಿತು. ಕೊಡುವುದು ಅಂದರೆ ನಮ್ಮ ಮನೆಯ ಕಸವನ್ನು ಪುಣ್ಯದ ಹೆಸರಿನಲ್ಲಿ ಇನ್ನೊಬ್ಬರ ಮನೆಗೆ ಸಾಗಿಸುವುದಾಗಬಾರದು. ಆರುನೂರು ಪುಸ್ತಕ ಒರೆಸಿ, ಬೆನ್ನು ಬಿಟ್ಟವಕ್ಕೆ ಗೋಂದು ಹಚ್ಚಿ, ನಾವೇ ಕಾರಿನಲ್ಲಿ ಎರಡು ಸಲ ಒಯ್ದೆವು. ಉಳಿದದ್ದು ರದ್ದಿಗೆ ಹೋಯಿತು. ಹೊಟ್ಟೆ ಉರಿಯಿತು, ಆದರೂ ಹೋಯಿತು.

ಬೊಂಬೆಗಳ ಕಥೆ ನಿಮಗೇ ಗೊತ್ತು, ನಿಮ್ಮ ಮನೆಗಳಲ್ಲೇ ಇವೆ. ಒಂಬತ್ತು ಮೆಟ್ಟಿಲಿನ ಬೊಂಬೆ ನನಗೆ ಅಮ್ಮನಿಂದ ಬಂದದ್ದು. ಅಮ್ಮನ ಹಳೆಯ ಸೀರೆಯ ಚೂರಿನಲ್ಲಿ, ಹಳೆಯ ‘ಸುಧಾ’ ಹಾಳೆಗಳಲ್ಲಿ ಸುತ್ತಿಟ್ಟ ಏಳು ಪೆಟ್ಟಿಗೆ. 2022ರ ನವರಾತ್ರಿಯಲ್ಲಿ ಕೊನೆಯ ಸಲ ಎಲ್ಲವನ್ನೂ ಇಟ್ಟು, ವಿಜಯದಶಮಿಯ ಮರುದಿನ ನಿಮ್ಮನ್ನು ಕರೆದೆ. ಮೇಷ್ಟ್ರ ಸೊಸೆ ಜಂಬೂಸವಾರಿಯ ಸೆಟ್ಟು ತೆಗೆದುಕೊಂಡಳು, ಹಾಲಿನ ಬೂತಿನ ಪಕ್ಕದ ಮನೆಯ ಅವಳಿ ಹುಡುಗಿಯರು ಚನ್ನಪಟ್ಟಣದ ಬ್ಯಾಂಡ್‌ಸೆಟ್ಟಿಗೆ ಜಗಳವಾಡಿ ಕೊನೆಗೆ ಹಂಚಿಕೊಂಡರು. ಪಟ್ಟದ ಗೊಂಬೆ ಜೋಡಿ, ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟದ್ದು, ನನ್ನ ಹತ್ತಿರ ಉಳಿಯಿತು. ಈಗ ಮೂರೇ ಮೆಟ್ಟಿಲು. ಬೆಳಿಗ್ಗೆ ಹತ್ತು ನಿಮಿಷದಲ್ಲಿ ಕೂರಿಸಿಯಾಗುತ್ತದೆ. ಮಿಕ್ಕ ಹೊತ್ತು ಅದರ ಮುಂದೆ ಕೂತಿರುತ್ತೇನೆ. ಒಂಬತ್ತು ಮೆಟ್ಟಿಲಿದ್ದಾಗ ಕೂತ ನೆನಪೇ ಇಲ್ಲ.

ಮಕ್ಕಳನ್ನು ಕೇಳಿದೆವು, ನಿಮಗೆ ಏನು ಬೇಕು ಅಂತ. ತೇಗದ ಮಂಚ, ರೋಸ್‌ವುಡ್ ಬೀರು ಯಾವುದೂ ಬೇಡ ಅಂದರು. ಮಗಳು ಕೇಳಿದ್ದು ಒಗ್ಗರಣೆಯ ಕಬ್ಬಿಣದ ಸೌಟು. ಮಗ ಮೊದಲು, “ಅಮ್ಮಾ, ನನ್ನ ರೂಮು?” ಅಂದ, ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ರಜೆ ಹಾಕಿ ಬಂದು, ನಾಲ್ಕು ದಿನ ಕೂತು, ತನ್ನ ರೂಮನ್ನು ತಾನೇ ಖಾಲಿ ಮಾಡಿದ.

ದುಡ್ಡಿನ ವಿಷಯ ನಿಮ್ಮಲ್ಲಿ ಮೂರು ನಾಲ್ಕು ಜನ ಫೋನ್ ಮಾಡಿ ಕೇಳಿದ್ದೀರಿ, ಅದಕ್ಕೆ ಇಲ್ಲೇ ಹೇಳುತ್ತೇನೆ. ವಾಸದ ಮನೆ ಮಾರಿದ ಲಾಭದಲ್ಲಿ ಇನ್ನೊಂದು ವಾಸದ ಮನೆಗೆ ಹಾಕಿದಷ್ಟಕ್ಕೆ ಆದಾಯ ತೆರಿಗೆ ಇಲ್ಲ. ಕೊಳ್ಳುವುದಾದರೆ ಮಾರಿದ ಎರಡು ವರ್ಷದೊಳಗೆ, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಮಾರುವ ಮುಂಚೆ ಒಂದು ವರ್ಷದೊಳಗೆ ಕೊಂಡಿದ್ದರೂ ನಡೆಯುತ್ತದೆ. ರಿಟರ್ನ್ ಹಾಕುವ ಗಡುವಿನ ಹೊತ್ತಿಗೆ ಖರ್ಚಾಗದೆ ಉಳಿದದ್ದನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ನಮ್ಮ ಹಾಗೆ ದೊಡ್ಡದು ಮಾರಿ ಚಿಕ್ಕದು ಕೊಳ್ಳುವವರಿಗೆ ಲಾಭ ಮಿಕ್ಕೇ ಮಿಗುತ್ತದೆ, ಮಿಕ್ಕದ್ದಕ್ಕೆ ತೆರಿಗೆ ಬೀಳುತ್ತದೆ. ಆರು ತಿಂಗಳೊಳಗೆ ಸರ್ಕಾರ ಗುರುತಿಸಿದ ಬಾಂಡುಗಳಲ್ಲಿ 50 ಲಕ್ಷದವರೆಗೆ ಹಾಕಿದರೆ ಅಷ್ಟಕ್ಕೆ ವಿನಾಯಿತಿ, ಐದು ವರ್ಷ ತೆಗೆಯುವಂತಿಲ್ಲ. ನಾವು ಅದನ್ನು ಮಾಡಿದೆವು, ಉಳಿದದ್ದಕ್ಕೆ ತೆರಿಗೆ ಕಟ್ಟಿದೆವು. ಸೈಟು 2001ಕ್ಕಿಂತ ಹಿಂದಿನದಾದ್ದರಿಂದ 2001ರ ಏಪ್ರಿಲ್ 1ರ ಬೆಲೆಗೆ ಮೌಲ್ಯಮಾಪಕರಿಂದ ವರದಿ ಪಡೆಯಬೇಕಾಯಿತು. ನಿಮ್ಮೆಲ್ಲರ ಸೈಟುಗಳಿಗೂ ಅದೇ ಅನ್ವಯ, ಹಳೆಯ ಕಾಗದಪತ್ರ ಈಗಲೇ ಹುಡುಕಿಡಿ. ನಾವು ಮಾರಿದ 2023ರಲ್ಲಿ ಬೆಲೆಯೇರಿಕೆ ಸೂಚ್ಯಂಕದ ಲೆಕ್ಕ ಕಳೆದು ಶೇಕಡ 20 ಇತ್ತು. 2024ರ ಜುಲೈ 23ರಿಂದ ಸೂಚ್ಯಂಕವಿಲ್ಲದೆ 12.5 ಆಯಿತು. ಆ ದಿನಕ್ಕಿಂತ ಮುಂಚೆ ಕೊಂಡ ಆಸ್ತಿಗೆ ಎರಡರಲ್ಲಿ ಯಾವುದು ಕಡಿಮೆಯೋ ಅದು. ಕಾನೂನು ಬದಲಾಗುತ್ತಲೇ ಇರುತ್ತದೆ, ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆಯೇ ಆಡಿಟರನ್ನು ಕಾಣಿ.

“ಲಾಭ ಎರಡು ಕೋಟಿ ಮೀರದಿದ್ದರೆ ಜೀವಮಾನದಲ್ಲಿ ಒಂದು ಸಲ ಎರಡು ಮನೆ ಕೊಳ್ಳಬಹುದು, ತೆರಿಗೆ ಉಳಿಯುತ್ತೆ” ಅಂತ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು. ಅವರು ಹೇಳಿದ್ದು ನಿಜ. ಆದರೆ ನಾನು ಆ ಪುಟ್ಟ ಹಿತ್ತಾಳೆ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ ಅದು. ಇನ್ನೊಂದು ಮನೆಯ ಬೀಗ ನನಗೆ ಬೇಡವಾಗಿತ್ತು.

ಇನ್ನೊಂದು ಮಾತು. ತೆರಿಗೆ, ತಾಪತ್ರಯ ಎರಡೂ ತಪ್ಪಲಿ ಅಂತ ಇರುವ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟು ನೀವು ಅದರಲ್ಲೊಂದು ಕೋಣೆಗೆ ಸರಿಯಬೇಡಿ. ಮಕ್ಕಳು ಕೆಟ್ಟವರು ಅಂತಲ್ಲ. ಕೊಡಲೇಬೇಕಾದರೆ, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಅದು ಪತ್ರದಲ್ಲಿದ್ದರೆ, ನೋಡಿಕೊಳ್ಳದಿದ್ದ ಪಕ್ಷದಲ್ಲಿ ಹಿರಿಯ ನಾಗರಿಕರ 2007ರ ಕಾಯ್ದೆಯ ಪ್ರಕಾರ ಆ ಪತ್ರವನ್ನು ರದ್ದು ಮಾಡಿಸಲು ದಾರಿಯಿದೆ.

ಈಗಿನ ಮನೆ ಸರಸ್ವತಿಪುರಂನಲ್ಲಿ. ಏಳುನೂರ ಇಪ್ಪತ್ತು ಚದರಡಿ, ನೆಲದ ಮೇಲೆಯೇ, ಮೆಟ್ಟಿಲಿಲ್ಲ. ಒಂದು ಮಲಗುವ ಕೋಣೆ, ನನ್ನ ಮೇಜು ಹಿಡಿಸುವ ಇನ್ನೊಂದು ಸಣ್ಣ ಕೋಣೆ, ಅಡುಗೆಮನೆ, ಮುಂದೆ ಇಬ್ಬರು ಕೂರುವ ಜಗಲಿ. ಒಂದು ಗಂಟೆಯಲ್ಲಿ ಮನೆ ಗುಡಿಸಿ ಒರೆಸಿ ಮುಗಿಯುತ್ತದೆ. ಗದಗದ ಅಕ್ಕ ಇಲ್ಲ, ಇಬ್ಬರೂ ಹಂಚಿಕೊಂಡು ಮಾಡುತ್ತೇವೆ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇರುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಕುವೆಂಪು ದಿನವೂ ನಡೆದ ದಾರಿ. ಹೆಜ್ಜಾರ್ಲೆಗಳು ನೀರಿನ ಮೇಲೆ ಇಳಿಯುವುದನ್ನು ನೋಡುತ್ತ ನಿಂತರೆ, ಪಾಳಿ ಕೆಲಸ ಬಿಟ್ಟ ನಮ್ಮವರು ಹೊತ್ತು ಎಷ್ಟಾಯಿತು ಅಂತ ಕೇಳುವುದನ್ನೇ ಮರೆತಿದ್ದಾರೆ. ಐವತ್ತೇಳಕ್ಕೆ ನೌಕರಿ ಬಿಟ್ಟರು. ಮನೆ ಚಿಕ್ಕದಾದದ್ದರಿಂದ ಸಿಕ್ಕ ದುಡ್ಡು ಆ ವರ್ಷಗಳನ್ನು ಅವರಿಗೆ ವಾಪಸ್ಸು ಕೊಟ್ಟಿತು. ನಾನು ತಿಂಗಳಿಗೆ ಎರಡೇ ಪುಸ್ತಕದ ಕರಡು ಒಪ್ಪಿಕೊಳ್ಳುತ್ತೇನೆ.

ಇದನ್ನು ತ್ಯಾಗ, ಸರಳತೆ ಅಂತೆಲ್ಲ ಯಾರಾದರೂ ಹೊಗಳಿದರೆ ನನಗೆ ಮುಜುಗರವಾಗುತ್ತದೆ. ನಮ್ಮ ಅಡ್ಡರಸ್ತೆಯ ಹಿಂದೆಯೇ ಹತ್ತಕ್ಕೆ ಹತ್ತರ ಒಂದೊಂದು ಕೋಣೆಯಲ್ಲಿ ಆರಾರು ಜನ ಇದ್ದಾರೆ. ಅವರಿಗೆ ಅದು ಸರಳ ಜೀವನವಲ್ಲ, ಇಕ್ಕಟ್ಟು. ನಮಗೆ ಆಯ್ದುಕೊಳ್ಳುವ ಅನುಕೂಲ ಇತ್ತು, ಆಯ್ದುಕೊಂಡೆವು. ಆಯ್ದಕ್ಕಿ ಲಕ್ಕಮ್ಮನ ಕಥೆ ಚಿಕ್ಕಂದಿನಿಂದ ಕೇಳಿದ್ದೇವೆ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ಸು ಕಳಿಸಿದವಳು. ಅವಳಿಗಿದ್ದದ್ದು ಆ ಒಂದು ದಿನದ ಅಕ್ಕಿ. ನಾವು ಅವಳ ಹೆಸರು ಹೇಳುವ ಮಟ್ಟದಲ್ಲಿಲ್ಲ, ಆದರೂ ಸಜ್ಜಾದ ಮೇಲಿನ ಪೆಟ್ಟಿಗೆ ಇಳಿಸುವಾಗೆಲ್ಲ ಅವಳ ನೆನಪಾಗುತ್ತಿತ್ತು.

ಕಳೆದುಕೊಂಡದ್ದನ್ನೂ ಮುಚ್ಚಿಡುವುದಿಲ್ಲ. ಮೊದಲ ಮೂರು ತಿಂಗಳು ಸಂಜೆಯಾದರೆ ಅಳು ಬರುತ್ತಿತ್ತು. ರಾತ್ರಿ ಎದ್ದರೆ ಕೈ ಹಳೆಯ ಮನೆಯ ಸ್ವಿಚ್ಚಿನ ಜಾಗವನ್ನು ತಡಕುತ್ತಿತ್ತು. ಇಪ್ಪತ್ತೇಳು ವರ್ಷ ಸಾರಿಗೆ ಉಪ್ಪು ಕಡಿಮೆಯಾದರೆ ಕಾಂಪೌಂಡಿನ ಮೇಲಿಂದ ಕೇಳಿ ಇಸಿದುಕೊಂಡವಳು ನಾನು. ಇಲ್ಲಿ ಪಕ್ಕದವರು ಒಳ್ಳೆಯವರೇ, ಆದರೆ ನನ್ನ ಮಕ್ಕಳು ಅವರ ಕಣ್ಣ ಮುಂದೆ ಬೆಳೆದಿಲ್ಲ. ನೆರೆಹೊರೆಯನ್ನು ಬಿಟ್ಟು ಬಂದದ್ದು ನಮ್ಮ ತಪ್ಪೇ ಇರಬಹುದು ಅಂತ ಈಗಲೂ ಕೆಲವು ದಿನ ಅನ್ನಿಸುತ್ತದೆ. ನಿಮ್ಮಲ್ಲಿ ಯಾರಾದರೂ ಮನಸ್ಸು ಮಾಡುವುದಾದರೆ, ಅದೇ ಬಡಾವಣೆಯಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಚಿಕ್ಕ ಮನೆ ನೋಡಿ. ಊರು ಬಿಡುವುದೇ ಆದರೆ ಮೊದಲು ಆರು ತಿಂಗಳು ಅಲ್ಲಿ ಬಾಡಿಗೆಗಿರಿ. ಮನೆಯಲ್ಲಿ ಸಾವಾದ ವರ್ಷ ಯಾವ ನಿರ್ಧಾರವೂ ಬೇಡ.

ನಮ್ಮ ಮನೆಯನ್ನು ಕೊಂಡವರು ಒಡೆಸಿದರು ಅಂತ ನೀವೇ ಫೋಟೊ ಕಳಿಸಿದಿರಿ. ಈಗ ಅಲ್ಲಿ ನಾಲ್ಕಂತಸ್ತು. ಅವರ ಜಾಗ, ಅವರ ಇಷ್ಟ. ಫೋಟೊದಲ್ಲಿ ಅತ್ತೆಯವರ ದೇವರಮನೆಯ ಅರ್ಧ ಗೋಡೆ, ಅದರ ಹಳದಿ ಬಣ್ಣ ಕಾಣುತ್ತಿತ್ತು. ನಮ್ಮವರು ಅದನ್ನು ನೋಡಿ ಫೋನ್ ಮಗುಚಿಟ್ಟು ಜಗಲಿಗೆ ಹೋದರು. ಅವತ್ತು ನಾವಿಬ್ಬರೂ ಊಟ ಮಾಡಲಿಲ್ಲ. ಮರುದಿನ ಎಂದಿನ ಹಾಗೆ ಕೆರೆಗೆ ಹೋದೆವು.

ಮೂಲೆಮನೆ ಅಜ್ಜಿ ಹೋದ ಸುದ್ದಿ ನನಗೆ ಎರಡು ದಿನ ತಡವಾಗಿ ತಿಳಿಯಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಿರುತ್ತಾರೆ ಅಂದುಕೊಂಡಿರಿ. ಅಲ್ಲೇ ಇದ್ದಿದ್ದರೆ ಅವರ ತಲೆದೆಸೆಯಲ್ಲಿ ನಾನೂ ಕೂತಿರುತ್ತಿದ್ದೆ. ಅವರು ಕೇಳಿದ ಪ್ರಶ್ನೆಗೆ ಹೀಗೆ ಕಾಗದ ಬರೆಯುವಂತಾಯಿತು.

ಒಂದು ಕೆಲಸ ಆಗಬೇಕು ನಿಮ್ಮಿಂದ. 1996ರಲ್ಲಿ ನಮ್ಮ ಗೃಹಪ್ರವೇಶದ ಮರುವಾರ ಅಜ್ಜಿ ತಮ್ಮ ದುಂಡುಮಲ್ಲಿಗೆಯ ಗಿಡದಿಂದ ಒಂದು ಕಡ್ಡಿ ಮುರಿದು ತಂದು, ನಮ್ಮ ಗೇಟಿನ ಪಕ್ಕ ತಾವೇ ನೆಟ್ಟು ಹೋಗಿದ್ದರು. ಆ ಗಿಡ ಮನೆಯ ಜೊತೆ ಹೋಯಿತು. ಅಜ್ಜಿಯ ಕಾಂಪೌಂಡಿನ ಮೂಲ ಗಿಡ ಇನ್ನೂ ಇದೆಯಂತೆ, ಮೇಷ್ಟ್ರು ಹೇಳಿದರು. ಮುಂದಿನ ಸಲ ಮೈಸೂರಿಗೆ ಬರುವವರು ಬಲಿತದ್ದು ನೋಡಿ ಗೇಣುದ್ದದ ಎರಡು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಚಾಮರಾಜಪುರಂ ಸ್ಟೇಷನ್ನಿಗೆ ನಮ್ಮವರು ಬಂದು ಕರೆತರುತ್ತಾರೆ. ಜಗಲಿಯ ಪಕ್ಕ ಮಣ್ಣು ತುಂಬಿದ ಒಂದು ಕುಂಡ ಖಾಲಿ ಇಟ್ಟಿದ್ದೇನೆ. ರಾತ್ರಿ ಉಳಿಯುವುದಾದರೆ ಇಬ್ಬರಿಗೆ ಹಾಸಿಗೆ ಇದೆ, ಕೌದಿ ನಿಮಗೇ ಕೊಡುತ್ತೇನೆ.

ನಿಮ್ಮ,
ಒಂಬತ್ತನೇ ನಂಬರಿನ ಮನೆಯವಳು